ಮಣ್ಣಿನ ವಿದ್ಯೆಗೆ ನಮ್ಮ ಮನೆಯಲ್ಲಿ ಮನ್ನಣೆಯೇಕಿಲ್ಲ?



ಮಕ್ಕಳು ಹನ್ನೆರಡನೆಯ ತರಗತಿಗೆ ಕಾಲಿಟ್ಟೊಡನೆ ನಮ್ಮ ಮನೆಗಳಲ್ಲಿ ಆರಂಭವಾಗುವ ಚರ್ಚೆ ಎಲ್ಲರಿಗೂ ಪರಿಚಿತವಾದುದೇ. ಎಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪರಿಶೋಧನೆ, ಈಚೆಗೆ ಡೇಟಾ ಸೈನ್ಸ್: ಇಷ್ಟರಲ್ಲಿ ಪಟ್ಟಿ ಮುಗಿಯುತ್ತದೆ. ಇದರಾಚೆಯ ವಿಷಯವೊಂದನ್ನು ಮಗುವೊಂದು ಹೆಸರಿಸಿದರೆ ಮೊದಲು ನಗು, ಅನಂತರ ಮೌನ, ವಾರದೊಳಗೆ ಊರಿನಿಂದ ಚಿಕ್ಕಪ್ಪನ ಬುದ್ಧಿಮಾತಿನ ಕರೆ. ಆ ವಿಷಯ ಪುರಾತತ್ತ್ವಶಾಸ್ತ್ರವಾಗಿದ್ದರಂತೂ ‘ಹಳೆಯ ಮಡಕೆ ಅಗೆದು ಹೊಟ್ಟೆಗೇನು ಮಾಡುತ್ತೀಯೆ?’ ಎಂಬ ಪ್ರಶ್ನೆಯೊಂದಿಗೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೊಟ್ಟೆಯ ಪ್ರಶ್ನೆ ಕ್ಷುಲ್ಲಕವಲ್ಲ. ಹೊಟ್ಟೆಪಾಡಿಗಾಗಿಯೇ ನಾವೆಲ್ಲರೂ ಕಡಲು ದಾಟಿ ಬಂದಿದ್ದೇವೆ. ಆದರೆ ಪ್ರಶ್ನೆ ಕೇಳುವವರು ಉತ್ತರವನ್ನು ಹುಡುಕುವ ಶ್ರಮವನ್ನೂ ತೆಗೆದುಕೊಳ್ಳಬೇಕು. ಪುರಾತತ್ತ್ವದ ಪದವೀಧರರು ಏನನ್ನು ಕಲಿಯುತ್ತಾರೆ, ಬಯಲಿನಲ್ಲಿ ಏನು ಮಾಡುತ್ತಾರೆ, ಆ ವಿದ್ಯೆಯಿಂದ ಯಾವ ಯಾವ ಬಾಗಿಲುಗಳು ತೆರೆಯುತ್ತವೆ ಎಂಬುದನ್ನು ತಿಳಿಯದೆಯೇ ನಾವು ಮಕ್ಕಳನ್ನು ತಡೆಯುತ್ತಿದ್ದೇವೆ. ಇದು ಬೇರೆಲ್ಲಿಯಾದರೂ ಕ್ಷಮ್ಯವಾದೀತು. ಬಹರೈನಿನಲ್ಲಿ ಬಾಳುವ ನಮಗೆ ಈ ಅಜ್ಞಾನ ಶೋಭಿಸದು ಎಂಬುದೇ ಈ ಲೇಖನದ ವಾದ.

ಏಕೆಂದರೆ ನಾವು ವಾಸಿಸುವ ನೆಲವೇ ಒಂದು ಪುರಾತತ್ತ್ವ ಪಾಠಶಾಲೆ. ಆಲಿ, ಜನಬಿಯಾ, ಹಮದ್ ಟೌನ್ ಕಡೆಗೆ ಕಾರಿನಲ್ಲಿ ಹೋಗುವಾಗ ರಸ್ತೆಯ ಬದಿಯಲ್ಲಿ ಕಾಣುವ ಮಣ್ಣು-ಕಲ್ಲುಗಳ ದಿಬ್ಬಗಳನ್ನು ನಮ್ಮಲ್ಲಿ ಬಹುಮಂದಿ ಕಟ್ಟಡ ಕಾಮಗಾರಿಯ ಮಣ್ಣಿನ ರಾಶಿ ಎಂದೇ ಭಾವಿಸಿದ್ದಾರೆ. ಅವು ಕ್ರಿ.ಪೂ. 2200ರಿಂದ 1750ರ ನಡುವೆ ದಿಲ್ಮುನ್ ನಾಗರಿಕತೆಯ ಜನರು ಕಟ್ಟಿದ ಸಮಾಧಿಗಳು. 21 ನೆಲೆಗಳಲ್ಲಿ ಉಳಿದಿರುವ 11,774 ದಿಬ್ಬಗಳನ್ನು ಯುನೆಸ್ಕೋ 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಲಾತ್ ಅಲ್ ಬಹರೈನ್ 2005ರಲ್ಲಿಯೂ, ಮುಹರ್ರಕ್ಕಿನ ಮುತ್ತಿನ ವ್ಯಾಪಾರದ ಕಟ್ಟಡಗಳು ಹಾಗೂ ಮುತ್ತಿನ ಚಿಪ್ಪಿನ ಕಡಲ ಹಾಸುಗಳು 2012ರಲ್ಲಿಯೂ ಅದೇ ಪಟ್ಟಿಯನ್ನು ಸೇರಿದ್ದವು. ಇಷ್ಟು ಚಿಕ್ಕ ದ್ವೀಪದಲ್ಲಿ ಮೂರು ವಿಶ್ವಪರಂಪರೆಯ ತಾಣಗಳು! ಇವುಗಳ ನಡುವೆಯೇ ನಮ್ಮ ಮಕ್ಕಳು ಶಾಲಾಬಸ್ಸಿನಲ್ಲಿ ನಿತ್ಯ ಓಡಾಡುತ್ತಾರೆ. ಅವರಲ್ಲೊಬ್ಬರಿಗೆ ‘ಇದೇನು?’ ಎಂಬ ಕುತೂಹಲ ಹುಟ್ಟಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ?

ಇನ್ನೊಂದು ಸಂಗತಿಯನ್ನು ಗಮನಿಸಿರಿ. ದಿಲ್ಮುನ್ನನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರಾದ ಜೆಫ್ರಿ ಬಿಬ್ಬಿ ಈ ದ್ವೀಪಕ್ಕೆ ಮೊದಲು ಬಂದದ್ದು ನಮ್ಮಂತೆಯೇ ಉದ್ಯೋಗಕ್ಕಾಗಿ, ಇರಾಕ್ ಪೆಟ್ರೋಲಿಯಂ ಕಂಪನಿಯ ನೌಕರರಾಗಿ, 1940ರ ದಶಕದ ಕೊನೆಯಲ್ಲಿ. ಆಗ ಕಂಡ ದಿಬ್ಬಗಳು ಅವರ ಮನಸ್ಸನ್ನು ಬಿಡಲಿಲ್ಲ. 1953ರಲ್ಲಿ ಡೆನ್ಮಾರ್ಕಿನ ಪ್ರಾಧ್ಯಾಪಕ ಪಿ. ವಿ. ಗ್ಲೋಬ್ ಅವರೊಡನೆ ಮರಳಿ ಬಂದು ಉತ್ಖನನವನ್ನು ಆರಂಭಿಸಿದರು. ಬಾರ್‌ಬಾರ್ ದೇವಾಲಯ ಬೆಳಕಿಗೆ ಬಂದದ್ದು, ಕಲಾತ್‌ನ ಕೋಟೆಯ ಅಡಿಯಲ್ಲಿ ಒಂದರ ಮೇಲೊಂದು ನಗರಗಳು ಕಾಣಿಸಿಕೊಂಡದ್ದು ಈ ತಂಡದ ದುಡಿಮೆಯಿಂದ. ಅಲ್ಲಿ ಸಿಕ್ಕ ತೂಕದ ಕಲ್ಲುಗಳು ಸಿಂಧೂ ಕಣಿವೆಯ ತೂಕದ ಪದ್ಧತಿಗೇ ಸೇರಿದವು. ಅಂದರೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ದ್ವೀಪದ ವರ್ತಕರು ಭರತಖಂಡದ ತಕ್ಕಡಿಯಲ್ಲಿ ತೂಗುತ್ತಿದ್ದರು.

ಅತ್ತಣ ತೀರದಲ್ಲಿ ಈ ಸಂಬಂಧದ ಕೊಂಡಿಯನ್ನು ಗುರುತಿಸಿದವರು ಯಾರು? ಒಬ್ಬ ಕನ್ನಡಿಗರು! ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಶಿಕಾರಿಪುರ ರಂಗನಾಥ ರಾಯರು (1922–2013) 1955ರಿಂದ ಗುಜರಾತಿನ ಲೋಥಲ್‌ನಲ್ಲಿ ಉತ್ಖನನ ನಡೆಸಿದರು. ಅಲ್ಲಿ ದೊರೆತ ಗುಂಡನೆಯ ಮುದ್ರೆಯೊಂದು ಸಿಂಧೂ ನಾಗರಿಕತೆಯ ಚೌಕಾಕಾರದ ಮುದ್ರೆಗಳನ್ನು ಹೋಲದೆ, ಬಹರೈನಿನಲ್ಲಿ ಡೇನರಿಗೆ ಸಿಕ್ಕಿದ್ದ ಮುದ್ರೆಗಳನ್ನು ಹೋಲುತ್ತಿತ್ತು. ಅದನ್ನು ಕುರಿತು ರಾಯರು 1963ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ನಾವು ಇಂದು ಮನಾಮಾ-ಮಂಗಳೂರು ವಿಮಾನದಲ್ಲಿ ದಾಟುವ ಕಡಲನ್ನು ಮುದ್ರೆಯೊಂದರ ಮೂಲಕ ದಾಟಿ ತೋರಿಸಿದ ಈ ಕನ್ನಡಿಗರ ಹೆಸರನ್ನು ನಮ್ಮ ಎಷ್ಟು ಮಕ್ಕಳು ಕೇಳಿದ್ದಾರೆ? ಎಷ್ಟು ತಂದೆತಾಯಿಯರು ಕೇಳಿದ್ದೇವೆ? ಚಲನಚಿತ್ರ ನಟರ ಜನ್ಮದಿನವನ್ನು ನೆನಪಿಡುವ ನಮ್ಮ ಸಂಭ್ರಮದಲ್ಲಿ ರಾಯರಿಗೆ ಒಂದು ಮೂಲೆಯೂ ದಕ್ಕಲಿಲ್ಲ.

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

‘ಪುರಾತತ್ತ್ವವೆಂದರೆ ಹಳೆಯ ವಸ್ತುಗಳನ್ನು ಅಗೆದು ತೆಗೆಯುವುದು’ ಎಂಬುದು ಮೊದಲನೆಯ ಆಕ್ಷೇಪ. ಅಗೆದು ವಸ್ತು ತೆಗೆಯುವುದನ್ನು ನಿಧಿಗಳ್ಳರೂ ಮಾಡುತ್ತಾರೆ. ಕರ್ನಾಟಕದ ಹಾಳು ಗುಡಿಗಳಲ್ಲಿ ಅವರ ಕೈಚಳಕವನ್ನು ಸಾಕಷ್ಟು ಕಂಡಿದ್ದೇವೆ. ಪುರಾತತ್ತ್ವಜ್ಞರಿಗೆ ವಸ್ತುವಿಗಿಂತ ಅದು ಬಿದ್ದಿದ್ದ ಜಾಗ ಮುಖ್ಯ. ಯಾವ ಪದರದಲ್ಲಿ, ಯಾವುದರ ಕೆಳಗೆ, ಯಾವುದರ ಜೊತೆಯಲ್ಲಿ ಅದು ಇತ್ತೆಂಬುದು ತಿಳಿಯದಿದ್ದರೆ ಬಂಗಾರದ ಪದಕವೂ ಮೂಕ. ಉತ್ಖನನದ ಕಠೋರ ಸತ್ಯವೆಂದರೆ, ಅಗೆದ ನೆಲವನ್ನು ಮತ್ತೊಮ್ಮೆ ಅಗೆಯಲಾಗದು. ಓದುತ್ತ ಓದುತ್ತ ಹಾಳೆಗಳನ್ನು ಸುಡಬೇಕಾದ ಪುಸ್ತಕವದು. ಬರೆದಿಟ್ಟ ಟಿಪ್ಪಣಿ, ಎಳೆದ ನಕ್ಷೆ, ತೆಗೆದ ಛಾಯಾಚಿತ್ರ ಇಷ್ಟೇ ಕೊನೆಗೆ ಉಳಿಯುವುದು. ಆದ್ದರಿಂದಲೇ ಈ ವಿದ್ಯೆಯಲ್ಲಿ ದಾಖಲೆಯ ಶಿಸ್ತು ಮೊದಲ ಪಾಠ.

ಎರಡನೆಯ ಪಾಠ, ಕೇಳಿದ ಕಥೆಯನ್ನು ಒರೆಗೆ ಹಚ್ಚುವುದು. ಬಹರೈನಿನ ದಿಬ್ಬಗಳ ಸಂಖ್ಯೆಯನ್ನು ಕಂಡು ಬೆರಗಾದ ಕೆಲವು ವಿದ್ವಾಂಸರು, ಇಷ್ಟು ಚಿಕ್ಕ ದ್ವೀಪದಲ್ಲಿ ಇಷ್ಟೊಂದು ಜನ ಸತ್ತಿರಲಾರರು, ಅರೇಬಿಯಾದ ಜನರು ತಮ್ಮ ಮೃತರನ್ನು ಇಲ್ಲಿಗೆ ತಂದು ಹೂಳುತ್ತಿದ್ದಿರಬೇಕು ಎಂದು ವಾದಿಸಿದ್ದರು. ಅನಂತರ ಬಂದವರು ಲೆಕ್ಕ ಹಾಕಿ ನೋಡಿದರು. ಶತಮಾನಗಳ ಕಾಲಾವಧಿ, ದ್ವೀಪ ಹೊರಬಲ್ಲ ಜನಸಂಖ್ಯೆ, ಅಂದಿನ ಮರಣಪ್ರಮಾಣ ಇವನ್ನು ಸೇರಿಸಿದಾಗ ಸ್ಥಳೀಯರ ಸಮಾಧಿಗಳೇ ಇಷ್ಟಾಗುತ್ತವೆಂದು ತೋರಿತು. 1990ರ ದಶಕದಲ್ಲಿ ಸಾರ್ ಗ್ರಾಮದಲ್ಲಿ ಲಂಡನ್-ಬಹರೈನ್ ತಂಡವು ಬೀದಿ, ಮನೆ, ದೇವಾಲಯಗಳಿಂದ ಕೂಡಿದ ಊರನ್ನೇ ಅಗೆದು ತೆಗೆದಾಗ, ಬದುಕಿದ್ದವರ ನೆಲೆಯೂ ಕಣ್ಣೆದುರು ನಿಂತಿತು. ನಮ್ಮ ಹಂಪೆಯ ಬಳಿಯ ನಿಂಬಾಪುರದಲ್ಲಿಯೂ ಇಂಥದೇ ಕಥೆಯಿದೆ. ಅಲ್ಲಿಯ ಬೂದಿಗುಡ್ಡೆಯನ್ನು ವಾಲಿಯ ಚಿತಾಭಸ್ಮವೆಂದು ಜನ ತೋರಿಸುತ್ತಾರೆ. ದಖ್ಖನ್ನಿನ ಇಂಥ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂಬುದನ್ನು ಉತ್ಖನನಗಳು ಸ್ಥಿರಪಡಿಸಿವೆ. ಕಥೆಯನ್ನು ಗೌರವಿಸುತ್ತಲೇ ಸಾಕ್ಷ್ಯವನ್ನು ಕೇಳುವ ಈ ಮನೋಧರ್ಮ, ವಾಟ್ಸಪ್ಪಿನಲ್ಲಿ ಬಂದುದೆಲ್ಲವನ್ನೂ ಇತಿಹಾಸವೆಂದು ಮುಂದಕ್ಕೆ ದಾಟಿಸುವ ಈ ಕಾಲದಲ್ಲಿ ಅಗ್ಗದ ಸರಕೇ?

‘ಈ ಓದಿನಿಂದ ಕೈಗೆ ಬರುವ ಕೌಶಲವೇನು?’ ಎಂಬುದು ಎರಡನೆಯ ಆಕ್ಷೇಪ. ನನ್ನ ಅಣ್ಣನ ಮಗಳೊಬ್ಬಳು ಕರ್ನಾಟಕದಲ್ಲಿ ಪುರಾತತ್ತ್ವದ ಎಂ.ಎ. ಮುಗಿಸಿದವಳು. ಅವಳ ಮೊದಲ ಉತ್ಖನನದ ದಿನಚರಿಯನ್ನು ನಾನು ಓದಿದ್ದೇನೆ. ಐದು ಮೀಟರ್ ಚೌಕದ ಒಂದು ಕುಳಿ, ಆರು ಮಂದಿ ಕೂಲಿಯವರು, ಅವರ ಹಾಜರಿ ಪುಸ್ತಕ, ಕುಡಿಯುವ ನೀರು, ಸಂಜೆಯ ಲೆಕ್ಕ, ಎಲ್ಲವೂ ಇಪ್ಪತ್ತೆರಡರ ಆ ಹುಡುಗಿಯ ಹೊಣೆ. ಬಿಸಿಲೇರುವ ಮುನ್ನ ಕೆಲಸ ಆರಂಭ. ಕರಣೆಯಿಂದ ಮಣ್ಣನ್ನು ಬೆರಳಗಲದಷ್ಟು ಕೆರೆದು, ಬಣ್ಣ ಬದಲಾದೊಡನೆ ಕೈ ತಡೆಯಬೇಕು. ತೆಗೆದ ಮಣ್ಣನ್ನು ಜರಡಿ ಹಿಡಿಯಬೇಕು. ಕೆಲವು ಬುಟ್ಟಿ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಕರಕಾದ ಕಾಳುಗಳನ್ನು ಸೋಸಿಡಬೇಕು, ಅಂದಿನವರು ರಾಗಿ ತಿಂದರೋ ಹುರುಳಿ ತಿಂದರೋ ಎಂಬುದಕ್ಕೆ ಅದೇ ಸಾಕ್ಷಿ. ಕುಳಿಯ ಗೋಡೆಯ ಪದರಗಳನ್ನು ತೂಗುಗುಂಡು ಮತ್ತು ಅಳತೆಪಟ್ಟಿಯ ನೆರವಿನಿಂದ ಗ್ರಾಫ್ ಹಾಳೆಯ ಮೇಲೆ ಬರೆಯಬೇಕು. ಟೋಟಲ್ ಸ್ಟೇಷನ್ ಹಿಡಿದು ಪ್ರತಿ ವಸ್ತುವಿನ ಸ್ಥಾನವನ್ನು ಗುರುತಿಸಬೇಕು. ಡ್ರೋನ್ ಚಿತ್ರಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಕಟ್ಟಬೇಕು. ಶಾಸನ ಸಿಕ್ಕರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಡಸು ಬ್ರಷ್ಷಿನಿಂದ ಬಡಿದು, ಅಕ್ಷರದ ಕುಳಿಗೆ ಕಾಗದ ಇಳಿದ ಮೇಲೆ ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕು. ಅನಂತರ ಹಳಗನ್ನಡವನ್ನು ಓದಬೇಕು. ಇಷ್ಟನ್ನೂ ಅಚ್ಚುಕಟ್ಟಾದ ವರದಿಯಾಗಿ ಬರೆದೊಪ್ಪಿಸಬೇಕು.

ನಮ್ಮ ಸಂಘದಲ್ಲಿ ಭೂಮಾಪನ ಮಾಡುವವರಿದ್ದಾರೆ, ಕಾಮಗಾರಿಯ ಮೇಲ್ವಿಚಾರಕರಿದ್ದಾರೆ, ಲೆಕ್ಕಪತ್ರ ಪರಿಶೋಧಿಸುವವರಿದ್ದಾರೆ, ಆಸ್ಪತ್ರೆಯಲ್ಲಿ ರೋಗಿಯ ದಾಖಲೆ ಬರೆಯುವ ದಾದಿಯರಿದ್ದಾರೆ. ಮೇಲಿನ ವಿವರವನ್ನು ಓದಿದಾಗ ತಮ್ಮ ತಮ್ಮ ಕೆಲಸದ ಒಂದೊಂದು ತುಣುಕು ಅದರಲ್ಲಿದೆಯೆಂದು ಅವರಿಗೆ ಅನಿಸದಿರದು. ಜನರನ್ನು ದುಡಿಸುವುದು, ಅಳೆಯುವುದು, ಬರೆಯುವುದು, ಸಾಕ್ಷ್ಯವಿಲ್ಲದೆ ಮಾತಾಡದಿರುವುದು ಇವೆಲ್ಲ ಒಂದೇ ಪದವಿಯಲ್ಲಿ ದೊರಕುವುದಾದರೆ, ಅದನ್ನು ‘ಕೌಶಲವಿಲ್ಲದ ಓದು’ ಎಂದು ಕರೆಯುವ ಧೈರ್ಯ ನಮಗೆ ಎಲ್ಲಿಂದ ಬಂತು?

ಮೂರನೆಯ ಆಕ್ಷೇಪ ಉದ್ಯೋಗದ್ದು. ಇಲ್ಲಿ ಬಣ್ಣದ ಮಾತು ಬೇಡ. ಭಾರತದಲ್ಲಿ ಪುರಾತತ್ತ್ವದ ಖಾಯಂ ಹುದ್ದೆಗಳು ಕಡಿಮೆ, ನೇಮಕಾತಿ ನಿಧಾನ, ಗುತ್ತಿಗೆಯ ಕೆಲಸವೇ ಹೆಚ್ಚು. ಮೇಲೆ ಹೇಳಿದ ಹುಡುಗಿಗೆ ಸಂಸ್ಥೆಯೊಂದರಲ್ಲಿ ಆರು ತಿಂಗಳ ಗುತ್ತಿಗೆ ಸಿಕ್ಕಿತು. ಮೊದಲ ಮೂರು ತಿಂಗಳ ಸಂಬಳ ನಾಲ್ಕನೆಯ ತಿಂಗಳಲ್ಲಿ ಬಂತು. ಗುತ್ತಿಗೆ ಮುಗಿದ ಮೇಲೆ ಅವಳು ಬೆಂಗಳೂರಿನಲ್ಲಿ ಡಿಜಿಟಲ್ ನಕ್ಷೆಗಳನ್ನು ತಯಾರಿಸುವ ಕಂಪನಿಗೆ ಸೇರಿ ಈಗ ನೆಮ್ಮದಿಯಾಗಿದ್ದಾಳೆ. ಉತ್ಖನನದಲ್ಲಿ ಕಲಿತ ಜಿಐಎಸ್ ವಿದ್ಯೆಯೇ ಅವಳಿಗೆ ಅನ್ನ ನೀಡುತ್ತಿದೆ. ಬಂಧುಗಳು ‘ನೋಡಿದಿರಾ, ಕೊನೆಗೆ ಕಂಪ್ಯೂಟರೇ ಗತಿಯಾಯಿತು’ ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಆ ಓದು ಅವಳನ್ನು ಕೈಬಿಡಲಿಲ್ಲ. ಕೈಬಿಟ್ಟದ್ದು ನಾಡಿನ ವ್ಯವಸ್ಥೆ. ಕಲಿತ ಕೈಯೊಂದನ್ನು ಕಳೆದುಕೊಂಡದ್ದು ಕರ್ನಾಟಕದ ನೆಲ.

ಈ ವ್ಯವಸ್ಥೆಯ ಮೇಲೆ ನಮ್ಮ ಕೋಪ ತಿರುಗಬೇಕು, ಮಕ್ಕಳ ಮೇಲಲ್ಲ. 2020ರ ಅಕ್ಟೋಬರಿನ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಅಧೀನದಲ್ಲಿರುವ ದೀನದಯಾಳ್ ಉಪಾಧ್ಯಾಯ ಪುರಾತತ್ತ್ವ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾದ ಪ್ರಕಟಣೆಯಲ್ಲಿ ಅರ್ಹತೆಗಾಗಿ ಸಂಸ್ಕೃತ, ಪಾಲಿ, ಪ್ರಾಕೃತ, ಅರಬ್ಬಿ, ಪಾರಸಿಗಳ ಹೆಸರಿದ್ದವು. ಶಾಸ್ತ್ರೀಯ ಸ್ಥಾನಮಾನ ಪಡೆದು ಹನ್ನೆರಡು ವರ್ಷ ಕಳೆದಿದ್ದ ಕನ್ನಡ ಇರಲಿಲ್ಲ, ತಮಿಳೂ ಇರಲಿಲ್ಲ. ತಮಿಳುನಾಡು ಗದ್ದಲವೆಬ್ಬಿಸಿತು. ಪ್ರಕಟಣೆ ತಿದ್ದುಪಡಿಯಾಗಿ ತಮಿಳಿನೊಡನೆ ಕನ್ನಡ, ತೆಲುಗು, ಮಲಯಾಳ, ಒಡಿಯಾಗಳೂ ಸೇರಿದವು. ಸರ್ವೇಕ್ಷಣೆಯ ಶಾಸನಶಾಖೆಯ ಕೇಂದ್ರ ಇರುವುದು ನಮ್ಮ ಮೈಸೂರಿನಲ್ಲಿ. ಹಾಗಿದ್ದೂ ಕನ್ನಡದ ಪಾಲನ್ನು ನಾವು ಪಡೆದದ್ದು ನೆರೆಯವರ ಹೋರಾಟದ ಫಲವಾಗಿ. ರಾಜ್ಯೋತ್ಸವದ ವೇದಿಕೆಯಲ್ಲಿ ‘ಎರಡು ಸಾವಿರ ವರ್ಷಗಳ ಇತಿಹಾಸ’ ಎಂದು ಗುಡುಗುವ ನಾವು, ಆ ಇತಿಹಾಸವನ್ನು ಓದಬಲ್ಲವರನ್ನು ತಯಾರಿಸುವ ತರಗತಿಯ ಬಾಗಿಲಲ್ಲಿ ಏಕೆ ಮೌನಿಗಳು?

ಹಿಂದೆ ಹೀಗಿರಲಿಲ್ಲ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಷ್ಟು ಹಳೆಯದು. ಬಿ. ಎಲ್. ರೈಸ್ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಪ್ರಕಟಿಸಿದರು. ಅವರ ಅನಂತರ ಆರ್. ನರಸಿಂಹಾಚಾರ್ಯರು, ಆರ್. ಶಾಮಶಾಸ್ತ್ರಿಗಳು, 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಆ ಪರಂಪರೆಯನ್ನು ನಡೆಸಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಗಲ್ಲಿನ ಶಾಸನವನ್ನು ಓದಿ, ‘ದೇವಾನಾಂಪ್ರಿಯ’ನೇ ಅಶೋಕನೆಂಬುದಕ್ಕೆ ಆಧಾರವನ್ನು ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ನಮ್ಮ ಸಂಘದ ಬಹುಪಾಲು ಕುಟುಂಬಗಳ ತವರಾದ ಕರಾವಳಿಯಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪಾದೂರು ಗುರುರಾಜ ಭಟ್ಟರು ಗುಡಿಗುಡಿ ಅಲೆದು ತುಳುನಾಡಿನ ಶಾಸನ, ಶಿಲ್ಪ, ದೇವಾಲಯಗಳನ್ನು ದಾಖಲಿಸಿ 1975ರಲ್ಲಿ ಬೃಹತ್ ಗ್ರಂಥವನ್ನು ಹೊರತಂದರು. ‘ನಮ್ಮವರಿಗೆ ಇದೆಲ್ಲ ಒಗ್ಗದು’ ಎನ್ನುವವರು ಈ ಹೆಸರುಗಳಿಗೆ ಉತ್ತರ ಕೊಡಲಿ.

ಕೊಲ್ಲಿಯ ಕಡೆಗೇ ಕಣ್ಣು ಹಾಯಿಸೋಣ. ಸೌದಿಗೆ ಸೇತುವೆಯ ರಸ್ತೆ ಹಾಯುವ ಮುನ್ನ ಸಾರ್‌ನ ದಿಬ್ಬಗಳನ್ನು ಅರಬ್ ತಂಡವೊಂದು ತುರ್ತಾಗಿ ಅಗೆದು ದಾಖಲಿಸಿತು. ಹಮದ್ ಟೌನ್ ಏಳುತ್ತಿದ್ದಾಗ, 1984–85ರಲ್ಲಿ, ಕೆ. ಎಂ. ಶ್ರೀವಾಸ್ತವ ಅವರ ನೇತೃತ್ವದ ಭಾರತೀಯ ತಂಡವೂ ಇಲ್ಲಿಗೆ ಬಂದು ಸಮಾಧಿಗಳನ್ನು ಅಗೆಯಿತು. ನಾವು ವಾಸಿಸುವ ಬಡಾವಣೆಗಳ ಅಡಿಪಾಯಕ್ಕೆ ಮುನ್ನ ಪುರಾತತ್ತ್ವಜ್ಞರ ಕರಣೆ ಈ ನೆಲವನ್ನು ಮುಟ್ಟಿದೆ. ಇಂದಿಗೂ ಕೆಲಸ ನಿಂತಿಲ್ಲ. ಸಮಾಹೀಜ್ ಗ್ರಾಮದಲ್ಲಿ ಕ್ರಿ.ಶ. 4ರಿಂದ 8ನೆಯ ಶತಮಾನದವರೆಗಿನ ಕ್ರೈಸ್ತ ಕಟ್ಟಡವನ್ನು ಬ್ರಿಟನ್ನಿನ ಹಾಗೂ ಬಹರೈನಿನ ತಜ್ಞರು ಕೂಡಿ ಗುರುತಿಸಿದ ಸುದ್ದಿ ಪ್ರಕಟವಾದದ್ದು 2024ರಲ್ಲಿ. ಸೇತುವೆಯಾಚೆ ಸೌದಿ ಅರೇಬಿಯಾ ಅಲ್ ಉಲಾ ಪ್ರದೇಶಕ್ಕಾಗಿ 2017ರಲ್ಲಿ ಪ್ರತ್ಯೇಕ ರಾಯಲ್ ಕಮಿಷನ್ನನ್ನೇ ಸ್ಥಾಪಿಸಿದೆ. ಕತಾರಿನ ಅಲ್ ಜುಬಾರಾ, ಎಮಿರೇಟ್ಸಿನ ಅಲ್ ಐನ್ ವಿಶ್ವಪರಂಪರೆಯ ತಾಣಗಳಾಗಿವೆ. ಸಮೀಕ್ಷೆ, ಸಂರಕ್ಷಣೆ, ವಸ್ತುಸಂಗ್ರಹಾಲಯ, ನಕ್ಷೆ, ಪರಂಪರೆಯ ಮೇಲೆ ಕಾಮಗಾರಿಯ ಪರಿಣಾಮದ ಅಧ್ಯಯನ, ಈ ಎಲ್ಲಕ್ಕೂ ತಜ್ಞರು ಬೇಕು. ಆ ತಂಡಗಳಲ್ಲಿ ಕನ್ನಡಿಗರ ಹೆಸರು ವಿರಳವಾಗಿರುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ನಮ್ಮ ಅನೇಕ ವಿಭಾಗಗಳಲ್ಲಿ ಓದು ಪಠ್ಯದ ಟಿಪ್ಪಣಿಗೆ ಸೀಮಿತವಾಗಿದೆ. ಬಯಲಿನ ದಿನಗಳು ಸಾಲವು, ಉಪಕರಣಗಳು ಸಾಲವು, ಇಂಗ್ಲಿಷಿನಲ್ಲಿ ವರದಿ ಬರೆಯುವ ಅಭ್ಯಾಸ ಸಾಲದು. ವಿದ್ಯಾರ್ಥಿ ತಾನು ಎಳೆದ ನಕ್ಷೆ, ಬರೆದ ವರದಿಗಳನ್ನು ಜೋಡಿಸಿ ತೋರಿಸುವುದನ್ನು ಕಲಿಸುವವರೂ ಕಡಿಮೆ. ಇವು ತಿದ್ದಬಹುದಾದ ಕೊರತೆಗಳು.

ಪುರಾತತ್ತ್ವಜ್ಞರ ಮಾತನ್ನು ಮೊದಲೇ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಹಂಪೆಯೇ ನಿದರ್ಶನ. ಆನೆಗೊಂದಿಯ ಕಡೆ ತುಂಗಭದ್ರೆಗೆ ಕಟ್ಟತೊಡಗಿದ ಸೇತುವೆಯ ಕಾರಣದಿಂದ ಹಂಪೆ 1999ರಲ್ಲಿ ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಕಾಮಗಾರಿ ವರ್ಷಗಟ್ಟಲೆ ನಿಂತಿತು, ಹಣ ಪೋಲಾಯಿತು, ಊರಿನವರಿಗೆ ದಾರಿಯೂ ಆಗಲಿಲ್ಲ. ನಕ್ಷೆ ಬರೆಯುವ ಹಂತದಲ್ಲಿಯೇ ನೆಲವನ್ನು ಬಲ್ಲವರನ್ನು ಕೂರಿಸಿಕೊಂಡಿದ್ದರೆ ಈ ನಷ್ಟ ತಪ್ಪುತ್ತಿತ್ತು. ಅಂಥವರನ್ನು ‘ಅನುತ್ಪಾದಕ’ರೆಂದು ಕರೆಯುವುದು ಎಂಥ ಲೆಕ್ಕ?

‘ಇದೆಲ್ಲ ಉಳ್ಳವರ ಮಕ್ಕಳಿಗೆ, ದುಡಿಯಲು ಬಂದವರಿಗಲ್ಲ’ ಎಂಬ ಕೊನೆಯ ಆಕ್ಷೇಪ ಉಳಿಯುತ್ತದೆ. ಇದರಲ್ಲಿ ನೋವಿದೆ, ಆದ್ದರಿಂದ ಗೌರವದಿಂದಲೇ ಉತ್ತರಿಸುತ್ತೇನೆ. ಸಾಲ ತೀರಿಸಬೇಕಾದ ಮನೆಯ ಮಗುವಿಗೆ ಪುರಾತತ್ತ್ವವನ್ನೇ ಓದೆಂದು ನಾನು ಹೇಳುವುದಿಲ್ಲ. ಆದರೆ ಒಲವಿಲ್ಲದೆ ಎಂಜಿನಿಯರಿಂಗ್ ಸೇರಿ, ವಿಷಯಗಳನ್ನು ಬಾಕಿ ಉಳಿಸಿಕೊಂಡು, ಯಾವುದೋ ಕೆಲಸಕ್ಕೆ ಅಲೆಯುವ ಮಕ್ಕಳು ನಮ್ಮ ನಡುವೆ ಇಲ್ಲವೇ? ಆ ವೆಚ್ಚವನ್ನು ನಾವು ‘ಹೂಡಿಕೆ’ ಎನ್ನುತ್ತೇವೆ. ಒಲವಿರುವ ಮಗು ಪುರಾತತ್ತ್ವದ ಜೊತೆಗೆ ನಕ್ಷೆಶಾಸ್ತ್ರವನ್ನೋ, ಸಂರಕ್ಷಣಾ ವಿಜ್ಞಾನವನ್ನೋ, ಶಾಸನಲಿಪಿಯನ್ನೋ ಶ್ರದ್ಧೆಯಿಂದ ಕಲಿತರೆ ಅದರ ಬದುಕಿಗೆ ಎರಡು ಆಧಾರಗಳಾದರೂ ಇರುತ್ತವೆ. ಆಯ್ಕೆ ಮಗುವಿನದಾಗಿರಲಿ. ಮಾಹಿತಿ ಕೊಡುವುದು ನಮ್ಮ ಹೊಣೆಯಾಗಲಿ.

ಈ ಹೊಣೆಯನ್ನು ಸಂಘ ಮೂರು ವಿಧದಲ್ಲಿ ನಿರ್ವಹಿಸಬಹುದು. ಮೊದಲನೆಯದು, ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ನೀಡುವ ಸಂದರ್ಭಗಳಲ್ಲಿ ವೈದ್ಯರು, ಎಂಜಿನಿಯರುಗಳ ಜೊತೆಗೆ ಒಬ್ಬ ಪುರಾತತ್ತ್ವಜ್ಞರಿಗೋ ವಸ್ತುಸಂಗ್ರಹಾಲಯದ ತಜ್ಞರಿಗೋ ಅವಕಾಶವಿರಲಿ. ಕರ್ನಾಟಕದಿಂದ ವಿಡಿಯೋ ಕರೆಯ ಮೂಲಕ ಮಾತನಾಡಿದರೂ ಸಾಕು. ಎರಡನೆಯದು, ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪಿನ ತಿಂಗಳುಗಳಲ್ಲಿ ಮಕ್ಕಳ ಕನ್ನಡ ಪಾಠದ ಒಂದು ದಿನ ಕಲಾತ್‌ನ ವಸ್ತುಸಂಗ್ರಹಾಲಯದಲ್ಲಿ, ಇನ್ನೊಂದು ದಿನ ಬಾರ್‌ಬಾರ್‌ನಲ್ಲಿ, ಮತ್ತೊಂದು ದಿನ ಆಲಿಯ ದಿಬ್ಬಗಳ ಬಳಿ ನಡೆಯಲಿ. ಪದರ, ಮುದ್ರೆ, ಸಮಾಧಿ, ಶಾಸನ ಎಂಬ ಪದಗಳನ್ನು ಮಕ್ಕಳು ಆ ವಸ್ತುಗಳ ಮುಂದೆಯೇ ನಿಂತು ಕಲಿಯಲಿ. ಮೂರನೆಯದು, ಕರ್ನಾಟಕದ ಒಬ್ಬ ಬಡ ಪುರಾತತ್ತ್ವ ವಿದ್ಯಾರ್ಥಿಗೆ ಒಂದು ಋತುವಿನ ಕ್ಷೇತ್ರಕಾರ್ಯದ ವೆಚ್ಚವನ್ನು ಸಂಘ ವರ್ಷಕ್ಕೊಮ್ಮೆ ಭರಿಸಲಿ. ಒಂದು ಸಂಜೆಯ ರಸಮಂಜರಿಗೆ ಕರೆಸುವ ಕಲಾವಿದರೊಬ್ಬರ ವಿಮಾನದ ಟಿಕೆಟ್ಟು, ಹೋಟೆಲ್ ಕೊಠಡಿಗಳ ಖರ್ಚಿಗಿಂತ ಇದು ಹೆಚ್ಚಾಗಲಾರದು.

ಕಾರ್ಯಕಾರಿ ಸಮಿತಿ ಈ ಮೂರು ಸಲಹೆಗಳನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ವಿನಂತಿಸುತ್ತೇನೆ. ಒಪ್ಪದವರು ದಯವಿಟ್ಟು ಇದೇ ಪುಟದಲ್ಲಿ ಬರೆಯಲಿ, ವಾದಿಸಲಿ. ಆದರೆ ಬರೆಯುವ ಮೊದಲು ಒಂದು ಶುಕ್ರವಾರ ಮಕ್ಕಳನ್ನು ಕರೆದುಕೊಂಡು ಆಲಿಯವರೆಗೆ ಹೋಗಿಬನ್ನಿ. ಅವರು ಕೇಳುವ ಪ್ರಶ್ನೆಗಳಲ್ಲಿ ಎಷ್ಟಕ್ಕೆ ತಮ್ಮಲ್ಲಿ ಉತ್ತರವಿದೆಯೆಂದು ಎಣಿಸಿಕೊಂಡು ಬನ್ನಿ.